ಅವನೇ ಇವನೆಂಬ ಅರಿವು: ಪಾಸ್‌ಪೋರ್ಟ್ ಚಿತ್ರ ಮತ್ತು ಪ್ರತ್ಯಭಿಜ್ಞೆಯ ಸಮಸ್ಯೆ

ಪಾಸ್‌ಪೋರ್ಟಿಗಾಗಿ ತೆಗೆಯುವ ಚಿತ್ರದ ವಿಷಯದಲ್ಲಿ ಇಂದು ಜಗತ್ತಿನ ಬಹುತೇಕ ಸರ್ಕಾರಗಳು ಒಪ್ಪಿಕೊಂಡಿರುವ ನಿಯಮಗಳು ಮೇಲ್ನೋಟಕ್ಕೆ ಛಾಯಾಗ್ರಾಹಕನ ಕಸುಬಿಗೆ ಮಾತ್ರ ಸೇರಿದವುಗಳಂತೆ ಕಾಣುತ್ತವೆ: ಹಿನ್ನೆಲೆ ಬಿಳಿಯದೋ ತಿಳಿಬಣ್ಣದ್ದೋ ಆಗಿರಬೇಕು, ಮುಖ ನೇರವಾಗಿ ಕ್ಯಾಮೆರಾದ ಕಡೆಗಿರಬೇಕು, ಕಣ್ಣು ತೆರೆದು ಬಾಯಿ ಮುಚ್ಚಿರಬೇಕು, ಮುಖದ ಮೇಲೆ ನೆರಳು ಬೀಳಬಾರದು, ಚಿತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಆದರೆ ಈ ಪಟ್ಟಿಯ ತಳದಲ್ಲಿ ಒಂದು ತಾತ್ತ್ವಿಕ ಪ್ರತಿಜ್ಞೆಯಿದೆ; ನ್ಯಾಯಶಾಸ್ತ್ರದಲ್ಲಿ ಸಾಧಿಸಬೇಕಾದ ವಿಷಯವನ್ನು ಮೊದಲಿಗೆ ಮಂಡಿಸುವ ವಾಕ್ಯಕ್ಕೆ ಪ್ರತಿಜ್ಞೆಯೆಂದು ಹೆಸರು. ಇಲ್ಲಿನ ಪ್ರತಿಜ್ಞೆಯೆಂದರೆ, ಹಿಂದೊಂದು ದಿನ ಸೆರೆಹಿಡಿದ ಮುಖಕ್ಕೂ ಇಂದು ಗಡಿಯಲ್ಲಿ ನಿಂತಿರುವ ಮುಖಕ್ಕೂ ಸಾಕಷ್ಟು ಹೋಲಿಕೆ ಇದ್ದರೆ ಇವೆರಡೂ ಒಬ್ಬನೇ ವ್ಯಕ್ತಿಗೆ ಸೇರಿದವು ಎಂಬುದು. ಹೋಲಿಕೆಯಿಂದ ಏಕತೆಯನ್ನು ತೀರ್ಮಾನಿಸಬಹುದೇ ಎಂಬ ಈ ಪ್ರಶ್ನೆಯನ್ನು ಭಾರತದ ದರ್ಶನಗಳು ಸಾವಿರ ವರ್ಷಕ್ಕೂ ಮಿಕ್ಕಿ ಚರ್ಚಿಸಿವೆ, ಮತ್ತು ಆ ಚರ್ಚೆಯಲ್ಲಿ ದೊರೆತ ತಿಳಿವು ಗಡಿಯ ಗಾಜಿನ ಬಾಗಿಲ ಮುಂದೆ ನಿಲ್ಲುವ ಪ್ರಯಾಣಿಕನಿಗೆ ನೇರವಾಗಿ ಸಂಬಂಧಿಸಿದ್ದು.

ವೀಸಾ ಇಲ್ಲದ ಪ್ರಯಾಣದಲ್ಲಿ ಈ ಪ್ರಶ್ನೆ ಹೆಚ್ಚು ತೀವ್ರವಾಗುವುದಕ್ಕೆ ಕಾರಣವಿದೆ. ವೀಸಾ ಬೇಕಾದಲ್ಲಿ ಅರ್ಜಿದಾರ ತಾನು ಯಾರು, ಏಕೆ ಹೋಗುತ್ತಿದ್ದಾನೆ, ಎಂದು ಮರಳುತ್ತಾನೆ ಎಂಬುದನ್ನು ಪ್ರಯಾಣಕ್ಕೆ ಮೊದಲೇ ದೂತಾವಾಸಕ್ಕೆ ವಿವರಿಸಬೇಕಾಗುತ್ತದೆ. ಅದು ಎಷ್ಟೇ ತ್ರಾಸದಾಯಕವಾದರೂ ಅಲ್ಲಿ ಒಬ್ಬ ಮನುಷ್ಯನ ಹೇಳಿಕೆಯನ್ನು ಇನ್ನೊಬ್ಬ ಮನುಷ್ಯ ಕೇಳಿ ಅಳೆಯುವ ಅವಕಾಶವಿರುತ್ತದೆ. ವೀಸಾವನ್ನು ಕೈಬಿಟ್ಟ ದೇಶ ಆ ವಿಚಾರಣೆಯನ್ನೂ ಕೈಬಿಡುತ್ತದೆ, ಮತ್ತು ಅದರ ಜಾಗದಲ್ಲಿ ಪಾಸ್‌ಪೋರ್ಟ್ ಎಂಬ ವಸ್ತುವಿನ ಮೇಲೆ, ಅದರಲ್ಲೂ ಮುಖದ ಚಿತ್ರದ ಮೇಲೆ, ತನ್ನ ನಂಬಿಕೆಯನ್ನು ಇಡುತ್ತದೆ. ಅಮೆರಿಕದ ವೀಸಾ ವಿನಾಯಿತಿ ಯೋಜನೆಯ ಚರಿತ್ರೆ ಇದನ್ನು ಸ್ಪಷ್ಟಪಡಿಸುತ್ತದೆ. 1986ರ ಕಾನೂನಿನಿಂದ ಹುಟ್ಟಿ 1988ರಲ್ಲಿ ಬ್ರಿಟನ್ ಮತ್ತು ಜಪಾನ್ ದೇಶಗಳೊಂದಿಗೆ ಆರಂಭವಾದ ಈ ಯೋಜನೆಯಲ್ಲಿ, 2005ರ ಅಕ್ಟೋಬರ್ 26ರ ನಂತರ ನೀಡಿದ ಪಾಸ್‌ಪೋರ್ಟುಗಳಲ್ಲಿ ಡಿಜಿಟಲ್ ಚಿತ್ರವೂ, ಮರುವರ್ಷದ ಅದೇ ದಿನಾಂಕದ ನಂತರ ನೀಡಿದವುಗಳಲ್ಲಿ ಮುಖದ ಚಿತ್ರವನ್ನು ಹೊತ್ತ ಚಿಪ್ಪೂ ಕಡ್ಡಾಯವಾದವು. 2016ರ ಏಪ್ರಿಲ್ 1ರಿಂದ ಚಿಪ್ ಇಲ್ಲದ ಯಾವ ಪಾಸ್‌ಪೋರ್ಟಿಗೂ ಈ ವಿನಾಯಿತಿ ದೊರೆಯದಂತಾಯಿತು. ಪ್ರಯಾಣಿಕನಿಗೆ ಕೇಳುವ ಪ್ರಶ್ನೆಗಳು ಕಡಿಮೆಯಾದಷ್ಟೂ ಅವನ ಚಿತ್ರಕ್ಕೆ ವಿಧಿಸುವ ನಿಯಮಗಳು ಬಿಗಿಯಾಗುತ್ತ ಬಂದವು.

ಚಿತ್ರವಿಲ್ಲದ ಪ್ರಯಾಣ ಬಹಳ ಹಿಂದಿನ ಮಾತೇನೂ ಅಲ್ಲ. ಆಸ್ಟ್ರಿಯದ ಲೇಖಕ ಸ್ಟೀಫನ್ ಜ್ವೈಗ್ 1914ಕ್ಕೆ ಮೊದಲು ತಾನು ಪಾಸ್‌ಪೋರ್ಟ್ ಇಲ್ಲದೆಯೇ ಭಾರತಕ್ಕೂ ಅಮೆರಿಕಕ್ಕೂ ಹೋಗಿ ಬಂದದ್ದನ್ನು ತನ್ನ ಆತ್ಮಕಥೆಯಲ್ಲಿ ನೆನೆಯುತ್ತಾನೆ, ಮತ್ತು ಯುದ್ಧದ ನಂತರ ಎಡದಿಂದ ಬಲದಿಂದ ಕಿವಿ ಕಾಣುವಂತೆ ಚಿತ್ರ ತೆಗೆಸಿಕೊಳ್ಳಬೇಕಾದ ಸ್ಥಿತಿಯನ್ನು ಮಾನವ ಘನತೆಗೆ ಬಂದ ಕುಂದೆಂದು ಕಾಣುತ್ತಾನೆ. ಆ ಬದಲಾವಣೆಗೆ ಮೊದಲ ಮಹಾಯುದ್ಧದ ಗೂಢಚರ್ಯೆ ಒಂದು ನಿಮಿತ್ತವಾಯಿತು. ಅಮೆರಿಕದ ಪ್ರಜೆಯೊಬ್ಬನಿಗೆ ಸೇರಿದ ನಿಜವಾದ ಪಾಸ್‌ಪೋರ್ಟನ್ನು ಹಿಡಿದು ಬ್ರಿಟನ್ನಿಗೆ ಬಂದ ಜರ್ಮನಿಯ ಗೂಢಚಾರ ಕಾರ್ಲ್ ಹ್ಯಾನ್ಸ್ ಲೋಡಿ ಸಿಕ್ಕಿಬಿದ್ದು 1914ರ ನವೆಂಬರ್ 6ರಂದು ಲಂಡನ್ ಟವರಿನಲ್ಲಿ ಗುಂಡೇಟಿಗೆ ಬಲಿಯಾದ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ, ಮರುವರ್ಷ ಬ್ರಿಟನ್, ಪಾಸ್‌ಪೋರ್ಟಿಗೆ ಚಿತ್ರವನ್ನು ಕಡ್ಡಾಯಗೊಳಿಸಿದವು. ಬ್ರಿಟನ್ನಿನ ಅಂದಿನ ಪಾಸ್‌ಪೋರ್ಟಿನಲ್ಲಿ ಚಿತ್ರದ ಜೊತೆಗೆ ಹಣೆ, ಮೂಗು, ಗಲ್ಲ, ಮೈಬಣ್ಣಗಳ ವರ್ಣನೆಯೂ ಇರುತ್ತಿತ್ತು. ಕಾಲಕ್ರಮದಲ್ಲಿ ಈ ವರ್ಣನೆ ಸಣ್ಣದಾಗುತ್ತ ಹೋಗಿ ಚಿತ್ರವೇ ಅದರ ಸ್ಥಾನವನ್ನೆಲ್ಲ ಆಕ್ರಮಿಸಿಕೊಂಡಿತು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು, ಅಂದರೆ ಐಸಿಎಒ, 1980ರಲ್ಲಿ ಹೊರತಂದ 9303ನೆಯ ಸಂಖ್ಯೆಯ ಮಾನದಂಡ ಗ್ರಂಥ ಯಂತ್ರ ಓದಬಲ್ಲ ಪಾಸ್‌ಪೋರ್ಟಿಗೆ ತಳಹದಿ ಹಾಕಿತು. 2002 ಮತ್ತು 2003ರ ನಿರ್ಣಯಗಳಲ್ಲಿ, ಬೆರಳಚ್ಚು ಮತ್ತು ಕಣ್ಣಿನ ಪಾಪೆಗಳನ್ನು ಐಚ್ಛಿಕವಾಗಿ ಬಿಟ್ಟು, ಮುಖವನ್ನೇ ಎಲ್ಲ ದೇಶಗಳಿಗೂ ಸಮಾನವಾದ ಗುರುತಾಗಿ ಆಯ್ದುಕೊಳ್ಳಲಾಯಿತು. ಇಂದು ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗನೊಬ್ಬ ಭಾರತದ ರಾಯಭಾರ ಕಚೇರಿಗೆ ಸಲ್ಲಿಸುವ ಚಿತ್ರದಲ್ಲಿ ಮುಖವು ಒಟ್ಟು ಚಿತ್ರದ 80ರಿಂದ 85 ಪ್ರತಿಶತದಷ್ಟು ಜಾಗವನ್ನು ತುಂಬಿರಬೇಕೆಂಬ ನಿಯಮ ಈ ಪರಂಪರೆಯಿಂದ ಬಂದದ್ದು.

ಹಿಂದೆ ಅನುಭವಕ್ಕೆ ಬಂದ ವಸ್ತುವೊಂದನ್ನು ಮತ್ತೆ ಕಂಡಾಗ ‘ಅದೇ ಇದು’ ಎಂದು ಮೂಡುವ ಜ್ಞಾನಕ್ಕೆ ಭಾರತೀಯ ದರ್ಶನಗಳು ಪ್ರತ್ಯಭಿಜ್ಞೆ ಎಂದು ಹೆಸರಿಟ್ಟಿವೆ. ಅದು ಬರಿಯ ನೆನಪಲ್ಲ, ಏಕೆಂದರೆ ನೆನಪಿನಲ್ಲಿ ವಸ್ತು ಎದುರಿಗಿರುವುದಿಲ್ಲ. ಬರಿಯ ಪ್ರತ್ಯಕ್ಷವೂ ಅಲ್ಲ, ಏಕೆಂದರೆ ಕಣ್ಣಿಗೆ ‘ಇದು’ ಕಾಣುತ್ತದೆಯೇ ಹೊರತು ‘ಅದು’ ಕಾಣುವುದಿಲ್ಲ. ಹಿಂದಿನ ಅನುಭವ ಮನಸ್ಸಿನಲ್ಲಿ ಉಳಿಸಿಹೋದ ಸಂಸ್ಕಾರವೂ ಇಂದಿನ ಇಂದ್ರಿಯ ಸಂಬಂಧವೂ ಕೂಡಿ ಒಂದೇ ಜ್ಞಾನವನ್ನು ಹುಟ್ಟಿಸುತ್ತವೆ ಎಂಬುದು ನ್ಯಾಯ ದರ್ಶನದ ತಾರ್ಕಿಕರಾದ ನೈಯಾಯಿಕರ ನಿಲುವು. ವಸ್ತುಗಳು ಕ್ಷಣಕ್ಷಣಕ್ಕೂ ಬೇರೆಯಾಗುತ್ತವೆ ಎಂದು ವಾದಿಸಿದ ಬೌದ್ಧರು ಇದನ್ನು ಒಪ್ಪಲಿಲ್ಲ. ದೀಪದ ಜ್ವಾಲೆ ಕ್ಷಣಕ್ಷಣಕ್ಕೂ ಹೊಸದಾದರೂ ಅದೇ ಜ್ವಾಲೆಯೆಂದು ತೋರುತ್ತದೆ, ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನು ಜನ ಅದೇ ಕೂದಲೆನ್ನುತ್ತಾರೆ. ಇಲ್ಲೆಲ್ಲ ಇರುವುದು ಹೋಲಿಕೆ ಮಾತ್ರ, ಮತ್ತು ಹೋಲಿಕೆಯನ್ನು ಏಕತೆಯೆಂದು ಗ್ರಹಿಸುವುದು ಭ್ರಮೆ ಎಂಬುದು ಅವರ ಆಕ್ಷೇಪ. ಈ ಆಕ್ಷೇಪ ಎಷ್ಟು ಬಲವಾದದ್ದೆಂದರೆ ನೈಯಾಯಿಕರೂ ಅದರ ಒಂದಂಶವನ್ನು ತಮ್ಮದಾಗಿಸಿಕೊಂಡರು. ಶಬ್ದ ನಿತ್ಯವೆನ್ನುವ ಮೀಮಾಂಸಕರು ‘ಅದೇ ಗಕಾರ ಇದು’ ಎಂಬ ಪ್ರತ್ಯಭಿಜ್ಞೆಯನ್ನು ಸಾಕ್ಷಿಯಾಗಿ ತಂದಾಗ, ಅಂಥ ಜ್ಞಾನ ಒಂದೇ ಜಾತಿಗೆ ಸೇರಿದ ಬೇರೆ ವಸ್ತುಗಳಲ್ಲೂ ಹುಟ್ಟುತ್ತದೆ, ನಿನ್ನೆ ಕುಡಿದ ಔಷಧವನ್ನೇ ಇಂದೂ ಕುಡಿದೆನೆಂದು ಹೇಳುವವನು ಅದೇ ಬಗೆಯ ಔಷಧವೆಂದಷ್ಟೇ ಹೇಳುತ್ತಿರುತ್ತಾನೆ ಎಂದು ನ್ಯಾಯಸಿದ್ಧಾಂತಮುಕ್ತಾವಳಿ ಎಂಬ ನ್ಯಾಯಗ್ರಂಥ ಉತ್ತರಿಸುತ್ತದೆ. ಹಾಗಾದರೆ ‘ಅದೇ ಇದು’ ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಜ್ಞಾನಗಳು ಅಡಗಿರಬಹುದೆಂಬುದು ವಾದದ ಎರಡೂ ಕಡೆಯವರಿಗೆ ತಿಳಿದಿತ್ತು.

ಈ ಎರಡನ್ನು ಬೇರ್ಪಡಿಸಿ ಪ್ರತ್ಯೇಕ ಹೆಸರಿಟ್ಟವರು ಜೈನ ತಾರ್ಕಿಕರು, ಮತ್ತು ಪಾಸ್‌ಪೋರ್ಟಿನ ಪ್ರಶ್ನೆಗೆ ಅವರ ವಿಂಗಡಣೆಯಷ್ಟು ಉಪಯುಕ್ತವಾದದ್ದು ಮತ್ತೊಂದಿಲ್ಲ. ಬೌದ್ಧರನ್ನು ವಾದದಲ್ಲಿ ಎದುರಿಸಿದವನೆಂದು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಕೊಂಡಾಡುವ ಅಕಲಂಕನು ಪ್ರತ್ಯಭಿಜ್ಞಾನವನ್ನು ಸ್ಮೃತಿ, ತರ್ಕ, ಅನುಮಾನ, ಆಗಮಗಳ ಸಾಲಿನಲ್ಲಿ ಸ್ವತಂತ್ರವಾದ ಪ್ರಮಾಣವೆಂದು, ಅಂದರೆ ಸರಿಯಾದ ತಿಳಿವಳಿಕೆಯ ಸಾಧನವೆಂದು, ವ್ಯವಸ್ಥೆಗೊಳಿಸಿದನು. ಅವನ ದಾರಿಯಲ್ಲಿ ನಡೆದ ಮಾಣಿಕ್ಯನಂದಿಯ ಪರೀಕ್ಷಾಮುಖದಲ್ಲಿ ಇದರ ಬಗೆಗಳು ಉದಾಹರಣೆಗಳೊಂದಿಗೆ ಬರುತ್ತವೆ. ಆ ದೇವದತ್ತನೇ ಇವನು ಎಂಬುದು ಏಕತ್ವದ ಪ್ರತ್ಯಭಿಜ್ಞೆ. ಗವಯವೆಂಬ ಕಾಡುಪ್ರಾಣಿ ಹಸುವಿನ ಹಾಗಿದೆ ಎಂಬುದು ಸಾದೃಶ್ಯದ ಪ್ರತ್ಯಭಿಜ್ಞೆ. ಕೋಣ ಹಸುವಿನಂತಲ್ಲ ಎಂಬುದು ವೈಲಕ್ಷಣ್ಯದ್ದು. ವಸ್ತುವಿನಲ್ಲಿ ಉಳಿಯುವ ದ್ರವ್ಯವೂ ಇದೆ, ಬದಲಾಗುವ ಪರ್ಯಾಯವೂ, ಅಂದರೆ ಅವಸ್ಥೆಯೂ, ಇದೆ ಎಂಬ ಜೈನ ತತ್ತ್ವಕ್ಕೆ ಈ ವಿಂಗಡಣೆ ಸಹಜವಾಗಿಯೇ ಹೊಂದುತ್ತದೆ. ಹತ್ತು ವರ್ಷದ ಅವಧಿಯ ಪಾಸ್‌ಪೋರ್ಟಿನಲ್ಲಿ ಮುಖದ ಅವಸ್ಥೆಗಳು ಬದಲಾಗುತ್ತಲೇ ಇರುತ್ತವೆ. ಚಿತ್ರವು ಒಂದು ಅವಸ್ಥೆಯನ್ನು ಮಾತ್ರ ಹಿಡಿದಿರುತ್ತದೆ. ದ್ರವ್ಯದ ಏಕತೆಯನ್ನು ಚಿತ್ರದಿಂದ ಬೇರೊಂದು ಜ್ಞಾನವ್ಯಾಪಾರ ಸಾಧಿಸಬೇಕಾಗುತ್ತದೆ.

ಗಡಿಯಲ್ಲಿರುವ ಯಂತ್ರ ಏಕತ್ವ, ಸಾದೃಶ್ಯ ಎಂಬ ಈ ಎರಡು ಪ್ರತ್ಯಭಿಜ್ಞೆಗಳಲ್ಲಿ ಯಾವುದನ್ನು ಮಾಡುತ್ತದೆ ಎಂದು ಕೇಳಿದರೆ ಉತ್ತರ ನಿಸ್ಸಂದಿಗ್ಧವಾಗಿದೆ. ಮುಖ ಗುರುತಿಸುವ ತಂತ್ರಾಂಶವು ಚಿಪ್ಪಿನಲ್ಲಿರುವ ಚಿತ್ರವನ್ನೂ ಬಾಗಿಲ ಬಳಿಯ ಕ್ಯಾಮೆರಾ ಆಗತಾನೆ ತೆಗೆದ ಚಿತ್ರವನ್ನೂ ಪ್ರತ್ಯೇಕವಾಗಿ ಒಂದೊಂದು ಸಂಖ್ಯಾಸರಣಿಯಾಗಿ ಮಾರ್ಪಡಿಸಿ, ಅವುಗಳ ನಡುವಿನ ಸಾಮೀಪ್ಯವನ್ನು ಒಂದು ಅಂಕವಾಗಿ ಲೆಕ್ಕಹಾಕುತ್ತದೆ. ಆ ಅಂಕ ಮೊದಲೇ ಗೊತ್ತುಪಡಿಸಿದ ಮಟ್ಟವನ್ನು ದಾಟಿದರೆ ಬಾಗಿಲು ತೆರೆಯುತ್ತದೆ. ಇದು ಪೂರ್ತಿಯಾಗಿ ಸಾದೃಶ್ಯದ ವ್ಯವಹಾರ. ಮಟ್ಟವನ್ನು ಏರಿಸಿದರೆ ನಿಜವಾದ ವ್ಯಕ್ತಿಗಳೇ ಹೆಚ್ಚಾಗಿ ತಿರಸ್ಕೃತರಾಗುತ್ತಾರೆ, ಇಳಿಸಿದರೆ ಬೇರೆಯವರು ಒಳನುಸುಳುವ ಸಂಭವ ಹೆಚ್ಚುತ್ತದೆ. ಎರಡು ಬಗೆಯ ತಪ್ಪುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ಸಹಿಸಿಕೊಳ್ಳಬೇಕೆಂಬುದನ್ನು ಯಂತ್ರ ಹೇಳಲಾರದು, ಆಡಳಿತ ನಿರ್ಧರಿಸುತ್ತದೆ. ಹಾಗಿದ್ದರೂ ಬಾಗಿಲು ತೆರೆದೊಡನೆ ಅದರ ಅರ್ಥ ‘ಇವನು ಅವನಂತಿದ್ದಾನೆ’ ಎಂಬುದರಿಂದ ‘ಇವನು ಅವನೇ’ ಎಂಬುದಕ್ಕೆ ಜಿಗಿಯುತ್ತದೆ. ಬೌದ್ಧರು ಭ್ರಮೆಯೆಂದು ತೋರಿಸಿಕೊಟ್ಟ ಆ ಜಿಗಿತವನ್ನು ಆಧುನಿಕ ಗಡಿಯು ತನ್ನ ದೈನಂದಿನ ಪದ್ಧತಿಯಾಗಿ ಮಾಡಿಕೊಂಡಿದೆ ಎಂದರೆ ಅತಿಶಯೋಕ್ತಿಯಾಗದು.

ಯಂತ್ರಕ್ಕೂ ತನ್ನದೇ ಆದ ಸಂಸ್ಕಾರವಿರುತ್ತದೆ, ಏಕೆಂದರೆ ಮೊದಲೇ ತೋರಿಸಿದ ಲಕ್ಷಾಂತರ ಮುಖಗಳಿಂದ ಅದು ಹೋಲಿಕೆಯನ್ನು ಕಲಿತಿರುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 189 ಅಲ್ಗಾರಿದಮ್‌ಗಳನ್ನು ಪರೀಕ್ಷಿಸಿ 2019ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಬ್ಬನನ್ನು ಇನ್ನೊಬ್ಬನೆಂದು ತಪ್ಪಾಗಿ ಒಪ್ಪುವ ಪ್ರಮಾಣ ಏಷ್ಯಾ ಮತ್ತು ಆಫ್ರಿಕಾ ಮೂಲದ ಮುಖಗಳ ವಿಷಯದಲ್ಲಿ ಬಿಳಿಯರ ಮುಖಗಳಿಗಿಂತ, ಅಲ್ಗಾರಿದಮ್ಮಿಗೆ ತಕ್ಕಂತೆ, ಹತ್ತರಿಂದ ನೂರು ಪಟ್ಟಿನವರೆಗೆ ಹೆಚ್ಚಾಗಿತ್ತು. ಏಷ್ಯಾದ ದೇಶಗಳಲ್ಲಿ ರೂಪುಗೊಂಡ ಕೆಲವು ಅಲ್ಗಾರಿದಮ್‌ಗಳಲ್ಲಿ ಏಷ್ಯಾದ ಮುಖಗಳ ಮಟ್ಟಿಗೆ ಈ ಅಂತರ ಕಾಣಲಿಲ್ಲ. 2016ರಲ್ಲಿ ನ್ಯೂಜಿಲೆಂಡಿನ ಪಾಸ್‌ಪೋರ್ಟ್ ಚಿತ್ರಗಳನ್ನು ಆನ್‌ಲೈನಿನಲ್ಲಿ ಪರಿಶೀಲಿಸುವ ತಂತ್ರಾಂಶವು ಏಷ್ಯಾ ಮೂಲದ ಯುವಕನೊಬ್ಬನ ಚಿತ್ರವನ್ನು, ಅವನ ಕಣ್ಣುಗಳು ತೆರೆದೇ ಇದ್ದರೂ, ಕಣ್ಣು ಮುಚ್ಚಿದೆಯೆಂಬ ಕಾರಣ ಕೊಟ್ಟು ತಿರಸ್ಕರಿಸಿತು. ಇಲ್ಲಿ ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಆದರೆ ನಿಯಮವನ್ನು ಅನ್ವಯಿಸುವ ಕಣ್ಣು ಕೆಲವರನ್ನಷ್ಟೇ ಚೆನ್ನಾಗಿ ಕಂಡು ಬೆಳೆದಿತ್ತು. ಸಂಸ್ಕಾರ ದುಷ್ಟವಾದರೆ ಪ್ರತ್ಯಭಿಜ್ಞೆಯೂ ದುಷ್ಟವಾಗುತ್ತದೆ ಎಂಬ ಹಳೆಯ ತಾರ್ಕಿಕರ ಎಚ್ಚರಿಕೆಯನ್ನು ಇಲ್ಲಿ ಅಕ್ಷರಶಃ ಅನ್ವಯಿಸಬಹುದು.

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಕ್ಷಣಿಕವಾದವನ್ನು ವಿಮರ್ಶಿಸುವಾಗ ಎತ್ತುವ ಅಂಶವೊಂದು ಈ ಚರ್ಚೆಯ ಹೃದಯದಲ್ಲಿದೆ. ಇದು ಅದರಂತಿದೆ ಎಂದು ಹೇಳಬೇಕಾದರೂ ಅದನ್ನು ಹಿಂದೆ ಕಂಡವನೂ ಇದನ್ನು ಇಂದು ಕಾಣುವವನೂ ಒಬ್ಬನೇ ಆಗಿರಬೇಕು, ಹಾಗಾಗಿ ಹೋಲಿಕೆಯ ಮಾತು ಕೂಡ ಬದಲಾಗದ ಒಬ್ಬ ಜ್ಞಾತೃವನ್ನು ಬೇಡುತ್ತದೆ ಎಂದು ಮೊದಲು ತೋರಿಸಿ, ಬಳಿಕ ಅವರು ಮತ್ತೊಂದು ಹೆಜ್ಜೆ ಮುಂದಿಡುತ್ತಾರೆ: ಹೊರಗಿನ ವಸ್ತುವಿನ ವಿಷಯದಲ್ಲಿ ಅದೇ ಇದೋ ಅಥವಾ ಅದರಂಥದ್ದೋ ಎಂಬ ಸಂಶಯ ಒಮ್ಮೊಮ್ಮೆ ಬರಬಹುದು, ಆದರೆ ತನ್ನ ವಿಷಯದಲ್ಲಿ, ನಿನ್ನೆ ಕಂಡ ನಾನೇ ಇಂದಿನ ನಾನೋ ಅಥವಾ ಅವನಂಥವನೋ ಎಂಬ ಸಂಶಯ ಯಾರಿಗೂ ಎಂದೂ ಬರುವುದಿಲ್ಲ. ಈ ವಾದವನ್ನು ಗಡಿಯ ಸನ್ನಿವೇಶದಲ್ಲಿಟ್ಟು ನೋಡಿದಾಗ ಅಲ್ಲಿನ ಅಸಮತೆ ಎದ್ದು ಕಾಣುತ್ತದೆ. ಚಿತ್ರ ತೆಗೆಸಿಕೊಂಡವನು ತಾನೇ ಎಂಬುದು ಪ್ರಯಾಣಿಕನಿಗೆ ಸಂಶಯಕ್ಕೆ ಎಡೆಯಿಲ್ಲದ ಅರಿವು. ಅದೇ ಸಂಗತಿ ಅಧಿಕಾರಿಗೋ ಯಂತ್ರಕ್ಕೋ ಸದಾ ಸಂಶಯಕ್ಕೆ ಒಳಪಟ್ಟದ್ದು. ನಿಶ್ಚಯ ಇರುವ ಕಡೆ ಅಧಿಕಾರವಿಲ್ಲ, ಅಧಿಕಾರ ಇರುವ ಕಡೆ ನಿಶ್ಚಯವಿಲ್ಲ. ವೀಸಾ ವಿಚಾರಣೆಯ ಕಾಲದಲ್ಲಿ ಮೊದಲನೆಯವನ ಮಾತು ಎರಡನೆಯವನ ಕಿವಿಗೆ ಸ್ವಲ್ಪವಾದರೂ ಬೀಳುತ್ತಿತ್ತು. ಆಸ್ಟ್ರೇಲಿಯಾ 2007ರಲ್ಲಿ ಬ್ರಿಸ್ಬೇನಿನಿಂದ ಆರಂಭಿಸಿದಂಥ ಸ್ವಯಂಚಾಲಿತ ಬಾಗಿಲುಗಳ ಮುಂದೆ ಮುಖ ಮಾತ್ರ ಸಾಕ್ಷಿ ಹೇಳುತ್ತದೆ, ಬಾಯಿ ಮುಚ್ಚಿರಬೇಕೆಂಬುದು ನಿಯಮದ ಭಾಗವೇ ಆಗಿದೆ.

ಅದ್ವೈತಿಗಳು ಜೀವ ಬ್ರಹ್ಮಗಳು ಒಂದೇ ಎನ್ನುವ ಉಪನಿಷತ್ತಿನ ಮಹಾವಾಕ್ಯದ ಅರ್ಥವನ್ನು ವಿವರಿಸಲು ‘ಆ ದೇವದತ್ತನೇ ಇವನು’ ಎಂಬ ಇದೇ ಲೌಕಿಕ ವಾಕ್ಯವನ್ನು ಬಳಸಿದ್ದಾರೆ. ‘ಆ’ ಎಂಬುದು ಹಿಂದಿನ ಕಾಲದೇಶಗಳನ್ನೂ ‘ಇವನು’ ಎಂಬುದು ಇಂದಿನ ಕಾಲದೇಶಗಳನ್ನೂ ಹೇಳುವುದರಿಂದ ಅವು ಒಂದಾಗಲಾರವು. ಹಾಗಾಗಿ ಪರಸ್ಪರ ವಿರುದ್ಧವಾದ ಭಾಗಗಳನ್ನು ಬಿಟ್ಟು ಉಳಿದ ದೇವದತ್ತನನ್ನಷ್ಟೇ ಗ್ರಹಿಸಬೇಕು, ಇದಕ್ಕೆ ಭಾಗತ್ಯಾಗ ಲಕ್ಷಣೆಯೆಂದು ಹೆಸರು. ಪಾಸ್‌ಪೋರ್ಟ್ ಚಿತ್ರದ ನಿಯಮಗಳೂ ಒಂದು ಬಗೆಯ ಭಾಗತ್ಯಾಗವನ್ನೇ ಮಾಡುತ್ತವೆ, ಏಕೆಂದರೆ ಹಿನ್ನೆಲೆಯನ್ನು ಅಳಿಸುವುದರಿಂದ ದೇಶ ಹೋಗುತ್ತದೆ, ಆರು ತಿಂಗಳ ಮಿತಿಯಿಂದ ಕಾಲದ ಅಂತರ ಕುಗ್ಗುತ್ತದೆ, ನಗುವನ್ನು ತೆಗೆದುಹಾಕುವುದರಿಂದ ಮನಸ್ಸಿನ ಅವಸ್ಥೆ ಹೋಗುತ್ತದೆ. ಆದರೆ ಸಾಮ್ಯ ಇಲ್ಲಿಗೇ ನಿಲ್ಲುತ್ತದೆ. ವೇದಾಂತಿಯು ಎಲ್ಲವನ್ನೂ ಬಿಟ್ಟ ಮೇಲೆ ಉಳಿಯುವುದು ಚೈತನ್ಯವೆನ್ನುತ್ತಾನೆ. ಚಿತ್ರದ ನಿಯಮಗಳು ಬಿಡುವುದನ್ನೆಲ್ಲ ಬಿಟ್ಟ ಮೇಲೆ ಉಳಿಯುವುದು ಕಣ್ಣುಗಳ ನಡುವಿನ ಅಂತರ, ಮೂಗಿನ ಉದ್ದ, ದವಡೆಯ ರೇಖೆ. ಮುಖದಲ್ಲಿ ಚೈತನ್ಯ ತೋರಿಕೊಳ್ಳುವ ದ್ವಾರವಾದ ಭಾವವನ್ನೇ ಮೊದಲು ತ್ಯಜಿಸಲಾಗುತ್ತದೆ. ಭರತನ ನಾಟ್ಯಶಾಸ್ತ್ರಕ್ಕೆ ಮುಖವೆಂದರೆ ಸ್ಥಾಯೀಭಾವಗಳು ವರ್ಣದಿಂದ, ದೃಷ್ಟಿಯಿಂದ, ಹುಬ್ಬಿನ ಚಲನೆಯಿಂದ ಬೆಳಕಿಗೆ ಬರುವ ಸ್ಥಾನ; ಗಡಿಗೆ ಅವೆಲ್ಲ ಅಳತೆಯನ್ನು ಕೆಡಿಸುವ ವಿಕಾರಗಳು. ಎರಡೂ ತಮ್ಮ ತಮ್ಮ ಪ್ರಯೋಜನಕ್ಕೆ ತಕ್ಕ ದೃಷ್ಟಿಗಳೇ, ಆದರೆ ಎರಡನೆಯದನ್ನೇ ಮನುಷ್ಯನ ಗುರುತೆಂದು ಕರೆಯುವಾಗ ಅದು ಎಷ್ಟನ್ನು ಬಿಟ್ಟಿದೆಯೆಂಬ ಎಚ್ಚರ ಇರಬೇಕಾಗುತ್ತದೆ.

ಚಿತ್ರಕ್ಕೂ ಅದರ ಮೂಲಕ್ಕೂ ಇರುವ ಸಂಬಂಧವೇನು ಎಂಬುದು ಕನ್ನಡ ನಾಡಿನ ವೇದಾಂತ ಪರಂಪರೆಗಳಲ್ಲಿ ಬಿಂಬ ಪ್ರತಿಬಿಂಬಗಳ ಚರ್ಚೆಯಾಗಿ ಬಹಳ ಸೂಕ್ಷ್ಮವಾಗಿ ಬೆಳೆಯಿತು. ಕನ್ನಡಿಯಲ್ಲಿ ಕಾಣುವ ಮುಖ ಕತ್ತಿನ ಮೇಲಿರುವ ಮುಖವೇ, ಅದು ಬೇರೆಡೆ ಇದೆಯೆಂಬ ತೋರಿಕೆಯಷ್ಟೇ ಭ್ರಮೆ ಎಂಬುದು ಅದ್ವೈತದ ವಿವರಣ ಪ್ರಸ್ಥಾನದ ಮತ. ಪ್ರತಿಬಿಂಬ ಬರಿಯ ಆಭಾಸ, ಅದಕ್ಕೆ ಸ್ವಂತ ಸತ್ಯತೆಯಿಲ್ಲ ಎಂಬುದು ಶೃಂಗೇರಿಯ ಪೀಠವನ್ನು ಅಲಂಕರಿಸಿದ ವಿದ್ಯಾರಣ್ಯರ ಪಂಚದಶಿಯಲ್ಲಿ ಕಾಣುವ ನಿಲುವು. ಉಡುಪಿಯ ಮಧ್ವಾಚಾರ್ಯರು ಇವೆರಡನ್ನೂ ಒಪ್ಪದೆ, ಪ್ರತಿಬಿಂಬ ಬಿಂಬಕ್ಕಿಂತ ಭಿನ್ನವಾದದ್ದು, ಬಿಂಬಕ್ಕೆ ಅಧೀನವಾದದ್ದು, ಬಿಂಬಕ್ಕೆ ಸದೃಶವಾದದ್ದು, ಹಾಗೂ ತನ್ನ ಮಟ್ಟಿಗೆ ಸತ್ಯವಾದದ್ದು ಎಂದು ನಿರೂಪಿಸಿದರು. ಅವರ ಉದ್ದೇಶ ಜೀವನಿಗೂ ಹರಿಗೂ ಇರುವ ಸಂಬಂಧವನ್ನು ತಿಳಿಸುವುದಾಗಿತ್ತೇ ಹೊರತು ಲೌಕಿಕ ಚಿತ್ರಗಳ ವಿವೇಚನೆಯಲ್ಲ. ಆದರೂ ಚಿತ್ರದ ತತ್ತ್ವವಾಗಿ ಇದು ಉಳಿದವುಗಳಿಗಿಂತ ಹೆಚ್ಚು ನ್ಯಾಯವಾದದ್ದು. ಚಿತ್ರವೇ ವ್ಯಕ್ತಿಯೆಂದು ಬಗೆದ ಆಡಳಿತ, ಚಿತ್ರ ಹೊಂದದಿದ್ದಾಗ ವ್ಯಕ್ತಿಯನ್ನೇ ಸುಳ್ಳೆನ್ನುತ್ತದೆ. ಚಿತ್ರ ಬರಿಯ ಆಭಾಸವೆಂದು ಬಗೆದರೆ ಗುರುತಿನ ವ್ಯವಸ್ಥೆಯೇ ನಿಲ್ಲಲಾರದು. ಚಿತ್ರ ವ್ಯಕ್ತಿಯನ್ನು ಅವಲಂಬಿಸಿದೆಯೇ ಹೊರತು ವ್ಯಕ್ತಿ ಚಿತ್ರವನ್ನು ಅವಲಂಬಿಸಿಲ್ಲ ಎಂಬ ತಿಳಿವಿನಲ್ಲಿ ಮಾತ್ರ, ಹೊಂದಿಕೆಯಾಗದ ಚಿತ್ರ ಮೊದಲು ಚಿತ್ರದ ದೋಷವನ್ನು ಹುಡುಕಲು ಪ್ರೇರಿಸುತ್ತದೆ.

ಚಿತ್ರವನ್ನೇ ಧರ್ಮಬಾಹಿರವೆಂದು ಕಾಣುವ ಸಮುದಾಯಗಳ ಪಾಲಿಗೆ ಈ ವಿಚಾರ ಬರಿಯ ತರ್ಕವಾಗಿ ಉಳಿಯಲಿಲ್ಲ. ಉತ್ತರ ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಕ್ರೈಸ್ತ ಪಂಗಡಗಳಲ್ಲಿ ಹಲವರು, ಪ್ರತಿಮೆಗಳನ್ನು ನಿಷೇಧಿಸುವ ಬೈಬಲಿನ ಎರಡನೆಯ ಆಜ್ಞೆ ಛಾಯಾಚಿತ್ರಕ್ಕೂ ಅನ್ವಯಿಸುತ್ತದೆಂದು ನಂಬುತ್ತಾರೆ. ಅಮೆರಿಕ ಕೆನಡಾಗಳ ನಡುವೆ ವೀಸಾದ ಅಗತ್ಯವಿರಲಿಲ್ಲ, ನೆಲದ ಗಡಿಯನ್ನು ಚಿತ್ರವಿಲ್ಲದ ಕಾಗದಗಳನ್ನು ತೋರಿಸಿಯೂ ದಾಟಬಹುದಾಗಿತ್ತು. 2009ರ ಜೂನ್ 1ರಿಂದ ಪಾಸ್‌ಪೋರ್ಟ್ ಅಥವಾ ಅದಕ್ಕೆ ಸಮಾನವಾದ ದಾಖಲೆ ಕಡ್ಡಾಯವಾದಾಗ, ಗಡಿಯ ಆಚೆ ಬಂಧುಗಳಿದ್ದ ಆಮಿಶ್ ಕುಟುಂಬಗಳಿಗೆ ವೀಸಾರಹಿತವಾದ ಆ ದಾರಿಯೇ ಚಿತ್ರದ ಕಾರಣದಿಂದ ಮುಚ್ಚಿಹೋಯಿತು. ಅದೇ ವರ್ಷದ ಜುಲೈಯಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಆಲ್ಬರ್ಟಾ ಪ್ರಾಂತದ ವಿಲ್ಸನ್ ಕಾಲೊನಿಯ ಹಟರೈಟರ ವಿರುದ್ಧ ತೀರ್ಪಿತ್ತಿತು. ಅದು ಪಾಸ್‌ಪೋರ್ಟಿಗಲ್ಲ, ವಾಹನ ಚಾಲನೆಯ ಪರವಾನಗಿಗೆ ಸಂಬಂಧಿಸಿದ ಮೊಕದ್ದಮೆ, ಆದರೆ ಪ್ರಶ್ನೆ ಒಂದೇ. 2003ರವರೆಗೆ ಅಲ್ಲಿ ಚಿತ್ರವಿಲ್ಲದ ಪರವಾನಗಿಗೆ ಅವಕಾಶವಿತ್ತು; ಗುರುತಿಗಾಗಿ ಬಳಸತಕ್ಕದ್ದಲ್ಲ ಎಂದು ಮುದ್ರಿಸಿಯೇ ಚಿತ್ರರಹಿತ ಪರವಾನಗಿ ಕೊಡಿರೆಂದು ಹಟರೈಟರು ಸೂಚಿಸಿದರು; ನಾಲ್ವರು ನ್ಯಾಯಮೂರ್ತಿಗಳು ಅದನ್ನು ಒಪ್ಪಲಿಲ್ಲ, ಮೂವರು ಭಿನ್ನಮತ ತಾಳಿದರು. ಗುರುತಿನ ಕಳ್ಳತನವನ್ನು ತಡೆಯುವ ಬಹುಮತದ ಕಾಳಜಿ ಸಣ್ಣದೇನಲ್ಲ, ಆದರೆ ನೂರಾರು ವರ್ಷಗಳಿಂದ ಆಸ್ತಿಯನ್ನು ಸಾಮೂಹಿಕವಾಗಿಟ್ಟುಕೊಂಡು ಒಟ್ಟಿಗೆ ಬದುಕುತ್ತಿರುವ ಜನರಿಗೆ, ವಾಹನ ಓಡಿಸದಿದ್ದರಾಯಿತು ಎಂಬ ಪರಿಹಾರ ಅವರ ಬದುಕಿನ ಆಧಾರವನ್ನೇ ಅಲುಗಿಸುತ್ತದೆಂಬ ಭಿನ್ನಮತದ ವಾದದಲ್ಲಿ ಹೆಚ್ಚಿನ ಸತ್ಯವಿದೆ.

ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಇದೇ ಬಿಕ್ಕಟ್ಟು ಬೇರೆ ದಾರಿ ಹಿಡಿಯಿತು. ಜೀವಿಗಳ ಚಿತ್ರ ಬರೆಯುವುದು ಸೃಷ್ಟಿಕರ್ತನನ್ನು ಅನುಕರಿಸಿದಂತಾಗುತ್ತದೆಂಬ ಆಕ್ಷೇಪಕ್ಕೆ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್-ಮುತೀಈ, ಛಾಯಾಚಿತ್ರದಲ್ಲಿ ಮನುಷ್ಯ ಏನನ್ನೂ ಸೃಷ್ಟಿಸುವುದಿಲ್ಲ, ಇರುವ ನೆರಳನ್ನು ಹಿಡಿದಿಡುತ್ತಾನಷ್ಟೇ ಎಂದು ಉತ್ತರಿಸಿದರು. ಇದನ್ನು ಒಪ್ಪದೆ ಛಾಯಾಚಿತ್ರವನ್ನು ನಿಷಿದ್ಧವೆಂದೇ ಭಾವಿಸಿದ ಭಾರತ ಉಪಖಂಡದ ಅನೇಕ ಉಲೇಮಾಗಳೂ ಪಾಸ್‌ಪೋರ್ಟಿನ ಚಿತ್ರಕ್ಕೆ ದರೂರತ್, ಅಂದರೆ ತಪ್ಪಿಸಲಾಗದ ಅಗತ್ಯ, ಎಂಬ ತತ್ತ್ವದ ಮೇಲೆ ಅನುಮತಿ ನೀಡಿದರು. ಹಜ್ ಯಾತ್ರೆಯೆಂಬ ಕಡ್ಡಾಯ ಕರ್ತವ್ಯಕ್ಕೇ ಪಾಸ್‌ಪೋರ್ಟ್ ಬೇಕಾದ ಕಾಲದಲ್ಲಿ ಒಂದು ವಿಧಿ ಇನ್ನೊಂದು ನಿಷೇಧಕ್ಕೆ ಎದುರಾಗಿತ್ತು, ಮತ್ತು ವಿಧಿಗೆ ದಾರಿ ಬಿಡಬೇಕಾಯಿತು. ಮುಖವನ್ನು ನಿಕಾಬಿನಿಂದ ಮುಚ್ಚುವ ಹೆಂಗಸರೂ ಯಾತ್ರೆಯ ಇಹ್ರಾಮ್ ಸ್ಥಿತಿಯಲ್ಲಿ ನಿಕಾಬ್ ಧರಿಸಬಾರದೆಂಬ ಪ್ರವಾದಿಯ ಕಟ್ಟಳೆಯನ್ನು ಇಲ್ಲಿ ನೆನೆಯುವುದು ಉಚಿತ; ಒಂದೇ ಯಾತ್ರೆಯಲ್ಲಿ ಗಡಿಯ ಅಧಿಕಾರಿಗಾಗಿ ತೆರೆದ ಮುಖವೂ ದೇವರ ಸನ್ನಿಧಿಗಾಗಿ ತೆರೆದ ಮುಖವೂ ಬರುತ್ತವೆ, ಮತ್ತು ಎರಡನೆಯದರಲ್ಲಿ ಯಾರೂ ಅದನ್ನು ಅಳೆಯುವುದಿಲ್ಲ. ಸಿಖ್ಖರ ಪೇಟಕ್ಕೆ, ಮುಸ್ಲಿಂ ಹೆಂಗಸರ ತಲೆವಸ್ತ್ರಕ್ಕೆ, ಕ್ರೈಸ್ತ ಸಂನ್ಯಾಸಿನಿಯರ ಶಿರೋವಸ್ತ್ರಕ್ಕೆ ಪಾಸ್‌ಪೋರ್ಟ್ ಚಿತ್ರದಲ್ಲಿ ವಿನಾಯಿತಿಯಿದೆ, ಗಲ್ಲದ ತುದಿಯಿಂದ ಹಣೆಯವರೆಗೆ ಮುಖ ಸ್ಪಷ್ಟವಾಗಿ ಕಾಣಬೇಕೆಂಬುದಷ್ಟೇ ಷರತ್ತು. ವ್ಯಕ್ತಿಯೆಂದರೆ ಬರಿಯ ಅಳತೆಗಳ ಸಮೂಹವಲ್ಲ, ಅವನ ನಿಷ್ಠೆಯೂ ಅವನ ಗುರುತಿನ ಭಾಗ ಎಂಬುದನ್ನು ಮಾನದಂಡವೇ ಇಲ್ಲಿ ಒಪ್ಪಿಕೊಂಡಂತಾಗಿದೆ.

ಮುಖವನ್ನು ಅಳತೆಗಳಾಗಿ ಒಡೆಯುವುದನ್ನು ತಾತ್ತ್ವಿಕವಾಗಿ ಅತ್ಯಂತ ಬಲವಾಗಿ ವಿರೋಧಿಸಿದವನು ಇಮಾನ್ಯುಯೆಲ್ ಲೆವಿನಾಸ್. 1906ರಲ್ಲಿ ಲಿಥುವೇನಿಯಾದ ಕೌನಸ್ ನಗರದಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿ, ಫ್ರಾನ್ಸಿನ ಪೌರನಾಗಿ, ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕಿ, ತನ್ನ ಒಡಹುಟ್ಟಿದವರನ್ನು ನಾಜಿಗಳ ಹತ್ಯಾಕಾಂಡದಲ್ಲಿ ಕಳೆದುಕೊಂಡ ಈತ, 1961ರ ತನ್ನ ಮುಖ್ಯ ಗ್ರಂಥದಲ್ಲಿ, ಇನ್ನೊಬ್ಬನ ಮುಖ ನನ್ನ ಜ್ಞಾನದ ವಿಷಯವಾಗುವುದಕ್ಕೆ ಮೊದಲೇ ನನ್ನನ್ನು ಹೊಣೆಗಾರನನ್ನಾಗಿ ಮಾಡುತ್ತದೆ ಎಂಬ ವಿಚಾರವನ್ನು ಬೆಳೆಸಿದನು. ಇನ್ನೊಬ್ಬನನ್ನು ಸರಿಯಾಗಿ ಎದುರುಗೊಳ್ಳುವುದೆಂದರೆ ಅವನ ಕಣ್ಣಿನ ಬಣ್ಣವನ್ನು ಸಹ ಗಮನಿಸದಿರುವುದು ಎಂದು ಮುಂದೊಂದು ಸಂದರ್ಶನದಲ್ಲಿ ವಿವರಿಸಿದನು. ಕಣ್ಣಿನ ಬಣ್ಣವನ್ನು ದಾಖಲಿಸುವುದೇ ಪಾಸ್‌ಪೋರ್ಟಿನ ಕೆಲಸ. ಇವೆರಡರ ನಡುವೆ ರಾಜಿ ಸುಲಭವಲ್ಲ, ಮತ್ತು ಗಡಿಗಳೇ ಬೇಡವೆಂದು ಹೇಳಿದ ಮಾತ್ರಕ್ಕೆ ಅದು ಪರಿಹಾರವಾಗುವುದಿಲ್ಲ, ಏಕೆಂದರೆ ಗುರುತಿನ ಕಾಗದವೇ ಇಲ್ಲದ ನಿರಾಶ್ರಿತನ ಸ್ಥಿತಿ ಚಿತ್ರ ತೆಗೆಸಿಕೊಂಡವನ ಸ್ಥಿತಿಗಿಂತ ಎಷ್ಟೋ ಪಾಲು ಕಠಿಣವಾದದ್ದು.

ಗುರುತಿನ ವಸ್ತು ಕಳೆದುಹೋದವಳ ದುರವಸ್ಥೆಯನ್ನು ಕಾಳಿದಾಸನಷ್ಟು ತೀಕ್ಷ್ಣವಾಗಿ ಕಂಡವರು ಕಡಿಮೆ. ಅಭಿಜ್ಞಾನಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತ ತನ್ನ ಹೆಂಡತಿ ಇವಳೆಂದು ಒಪ್ಪದಿದ್ದಾಗ, ಗುರುತು ಸಿಗಲೆಂದು ಗೌತಮಿ ಶಕುಂತಲೆಯ ಮುಸುಕನ್ನು ಸರಿಸುತ್ತಾಳೆ. ರಾಜನು ಆ ಮುಖವನ್ನು ನಿಟ್ಟಿಸಿ ನೋಡಿದರೂ ಪ್ರತ್ಯಭಿಜ್ಞೆ ಮೂಡುವುದಿಲ್ಲ. ಮುಖದಲ್ಲಿ ಕೊರತೆಯಿರಲಿಲ್ಲ, ಬೆಳಕಿನಲ್ಲಿ ಕೊರತೆಯಿರಲಿಲ್ಲ. ಶಾಪದಿಂದ ನೋಡುವವನ ಸಂಸ್ಕಾರ ಮುಚ್ಚಿಹೋಗಿತ್ತು. ತಪ್ಪು ಸದಾ ನೋಡಿಸಿಕೊಳ್ಳುವವನದೇ ಎಂಬಂತೆ ರಚಿತವಾಗಿರುವ ಇಂದಿನ ನಿಯಮಾವಳಿಗಳ ಮುಂದೆ ಈ ದೃಶ್ಯವನ್ನಿಟ್ಟು ಓದಬೇಕು. ಹೊಂದಿಕೆಯಾಗದಿರುವಿಕೆಗೆ ಕಾರಣ ನೋಡುವ ಕಣ್ಣಿನಲ್ಲಿತ್ತು, ಆದರೆ ಶಕುಂತಲೆ ಸಭೆಯಲ್ಲಿ ಎಷ್ಟು ಹೇಳಿದರೂ ಅವಳ ಮಾತು ಅಲ್ಲಿ ಸಾಕ್ಷ್ಯವೆನಿಸಲಿಲ್ಲ.

ಈ ದೃಷ್ಟಿಯಿಂದ ನೋಡಿದಾಗ 9303ನೆಯ ಮಾನದಂಡದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ತೀರ್ಮಾನ ಬಹಳ ಮಹತ್ವದ್ದಾಗಿ ಕಾಣುತ್ತದೆ. ಪಾಸ್‌ಪೋರ್ಟಿನ ಚಿಪ್ಪಿನಲ್ಲಿ ಮುಖದಿಂದ ಲೆಕ್ಕಹಾಕಿದ ಸಂಖ್ಯಾಸರಣಿಯನ್ನು ಮಾತ್ರ ತುಂಬಿಸಿದ್ದರೆ ಜಾಗವೂ ಉಳಿಯುತ್ತಿತ್ತು, ಯಂತ್ರಕ್ಕೂ ಅನುಕೂಲವಾಗುತ್ತಿತ್ತು. ಆದರೆ ಒಂದು ಕಂಪನಿಯ ಲೆಕ್ಕ ಇನ್ನೊಂದರ ಯಂತ್ರಕ್ಕೆ ಅರ್ಥವಾಗುವುದಿಲ್ಲವೆಂಬ ಕಾರಣಕ್ಕೂ, ಅಧಿಕಾರಿಯೊಬ್ಬ ಕಣ್ಣಾರೆ ನೋಡಿ ನಿರ್ಣಯಿಸಲು ಸಾಧ್ಯವಾಗಬೇಕೆಂಬ ಕಾರಣಕ್ಕೂ, ಸದಸ್ಯ ದೇಶಗಳು ಚಿತ್ರವನ್ನು ಚಿತ್ರವಾಗಿಯೇ ಇಡಬೇಕೆಂದು ಗೊತ್ತುಮಾಡಿದವು. ಆದ್ದರಿಂದ ಸ್ವಯಂಚಾಲಿತ ಬಾಗಿಲು ತೆರೆಯದಿದ್ದಾಗ ಪ್ರಯಾಣಿಕನನ್ನು ಪಕ್ಕದ ಕಟ್ಟೆಗೆ ಕಳಿಸಲು ಸಾಧ್ಯವಾಗುತ್ತದೆ. ಅಲ್ಲಿ ಕುಳಿತ ಅಧಿಕಾರಿ ಅದೇ ಚಿತ್ರವನ್ನು ಪರದೆಯ ಮೇಲೆ ನೋಡಿ, ಎದುರಿಗಿರುವ ಮುಖವನ್ನು ನೋಡಿ, ಬೇಕಾದರೆ ಎರಡು ಪ್ರಶ್ನೆ ಕೇಳಿ, ಇವನು ಅವನೇ ಎಂಬ ತೀರ್ಮಾನವನ್ನು ತನ್ನ ಹೊಣೆಯ ಮೇಲೆ ತೆಗೆದುಕೊಳ್ಳುತ್ತಾನೆ. ಸಾದೃಶ್ಯವನ್ನು ಯಂತ್ರ ಎಷ್ಟು ವೇಗವಾಗಿ ಅಳೆದರೂ ಏಕತ್ವವನ್ನು ಹೇಳುವ ಮಾತು ಯಾರಾದರೊಬ್ಬರ ಮಾತಾಗಿರಬೇಕು, ಮತ್ತು ಆ ಮಾತು ತಪ್ಪಾದಾಗ ಅವರನ್ನು ಕೇಳುವ ಹಕ್ಕು ಪ್ರಯಾಣಿಕನಿಗೆ ಇರಬೇಕು. ಸಿಬ್ಬಂದಿಯ ಖರ್ಚನ್ನು ಉಳಿಸುವ ಹೆಸರಿನಲ್ಲಿ ಅಂಥ ಕಟ್ಟೆಗಳ ಸಂಖ್ಯೆಯನ್ನು ಇಳಿಸುವ ಯಾವ ಯೋಜನೆಯನ್ನಾದರೂ, ಅದು ಸಾಲನ್ನು ಎಷ್ಟು ಚಿಕ್ಕದಾಗಿಸುತ್ತದೆ ಎಂಬುದರ ಜೊತೆಗೆ, ಬಾಗಿಲು ತೆರೆಯದೆ ನಿಂತವನ ಮಾತನ್ನು ಯಾರು ಕೇಳುತ್ತಾರೆ ಎಂಬುದರಿಂದಲೂ ಅಳೆಯಬೇಕು.